ಎರಡು ಹೊಳೆ ನಡುವಿನ ಊರಿನವರು

ಆ ವರ್ಷಗಳ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ನಿದ್ದೆ. ಮಾಡಿದ ನಿದ್ದೆಯಲ್ಲ, ಬಾಕಿ ಉಳಿದ ನಿದ್ದೆ. ‘ನಮ್ಮ ಹುಡುಗಿ ಅಮೆರಿಕಾದಾಗ ಕಂಪ್ಯೂಟರ್ ನಡಸ್ತಾಳ’ ಎಂದು ರಾಯಚೂರು ಕಡೆಯ ನಮ್ಮ ಬಂಧುಗಳು ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ನಾನು ನಡೆಸುತ್ತಿದ್ದುದು ಇಷ್ಟೇ. ಕ್ರ್ಯಾನ್‌ಬರಿ ಎಂಬ ಊರಿನ ಒಂದು ಔಷಧ ಕಂಪನಿಯ ಆಫೀಸಿನಲ್ಲಿ ಕೂತು, ಯಾವ ಪುಣ್ಯಾತ್ಮನೋ ಬರೆದಿಟ್ಟ ಹಳೇ ಪ್ರೋಗ್ರಾಮುಗಳಲ್ಲಿ ಇಸವಿಗೆ ಎರಡಂಕಿ ಇದ್ದಲ್ಲೆಲ್ಲ ನಾಲ್ಕಂಕಿ ಮಾಡುವುದು. ಇಲ್ಲದಿದ್ದರೆ ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಜಗತ್ತೇ ಮುಳುಗುತ್ತದಂತೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ ಅದು. ಕಣ್ಣು ಉರಿಯುತ್ತಿತ್ತು, ಸೊಂಟ ಹಿಡಿಯುತ್ತಿತ್ತು, ಕಲ್ಲು ಮುಗಿಯುತ್ತಿರಲಿಲ್ಲ.

ಗಂಡನ ಕೆಲಸ ಮ್ಯಾನ್‌ಹಟನ್‌ನಲ್ಲಿ. ಇದ್ದ ಒಂದು ಕಾರನ್ನು ಅವನು ಟ್ರೇನ್ ಸ್ಟೇಷನ್ನಿಗೆ ಡ್ರೈವ್ ಮಾಡಿಕೊಂಡು ಹೋಗಿ ಅಲ್ಲಿಯೇ ನಿಲ್ಲಿಸುತ್ತಿದ್ದ. ಹಾಗಾಗಿ ನಾನು ನಮ್ಮದೇ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲಿದ್ದ ಆಫೀಸಿನ ಒಬ್ಬ ಸಹೋದ್ಯೋಗಿಯ ಕಾರಿನಲ್ಲಿ ಹೋಗಿಬರುವುದೆಂದು ಮ್ಯಾನೇಜರ್ ಏರ್ಪಾಡು ಮಾಡಿದ. ಎತ್ತರದ ಆಳು, ಎಣ್ಣೆಗಪ್ಪು ಬಣ್ಣ, ಅರ್ಧ ನರೆತ ಗಡ್ಡ. ಇಲ್ಲಿನ ಕರಿಯ ಅಮೆರಿಕನ್ನರೇ ಇರಬೇಕೆಂದು ನಾನು ಅಂದುಕೊಂಡೆ. ಮೊದಲ ದಿನ ಗುಡ್ ಮಾರ್ನಿಂಗ್ ಹೇಳಿ ಕಾರು ಹತ್ತಿ, ಬೆಲ್ಟ್ ಹಾಕಿಕೊಳ್ಳುತ್ತ ನನ್ನಷ್ಟಕ್ಕೆ ನಾನು ಗೊಣಗಿಕೊಂಡೆ.

‘ಯವ್ವಾ, ಏನ್ ಥಂಡಿ ಇದು, ಸುಡ್ಲಿ.’

‘ಥಂಡಿ ಇನ್ನೂ ಎಲ್ಲೆ ಬಂದದರೀ? ಜನವರಿ ಬರ್ಲಿ, ಆಮ್ಯಾಲೆ ಹೇಳ್ರಿ’ ಎಂದರು ಅವರು, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

ನಾನು ಬೆಲ್ಟ್ ಬಿಟ್ಟು ಅವರ ಕಡೆ ತಿರುಗಿದೆ. ಶುದ್ಧ ಧಾರವಾಡದ ಕನ್ನಡ! ನನ್ನ ಮುಖ ನೋಡಿ ಅವರು ಸ್ಟೀರಿಂಗ್ ಬಡಿದುಕೊಂಡು ನಕ್ಕರು. ಅವರು ಸುಡಾನ್ ದೇಶದವರು. ಹರೆಯದಲ್ಲಿ ಧಾರವಾಡಕ್ಕೆ ಬಂದು ಕಾಲೇಜು ಓದಿದವರು. ಆ ಕಾಲಕ್ಕೆ ಅವರ ದೇಶದ ಹುಡುಗರು ಪುಣೆ, ಮೈಸೂರು, ಧಾರವಾಡ ಎಂದು ಹೋಗಿ ಓದಿ ಬರುತ್ತಿದ್ದರಂತೆ. ಕನ್ನಡ ಬಂದದ್ದು ಹೇಗೆಂದರೆ, ಸಂತೆಯಲ್ಲಿ ಎಲ್ಲರೂ ಅವರನ್ನು ಹಳಿಯಾಳದ ಕಡೆ ತಲೆಮಾರುಗಳಿಂದ ಇರುವ ಆಫ್ರಿಕ ಮೂಲದ ಸಿದ್ದಿ ಜನ ಎಂದೇ ತಿಳಿದು ಕನ್ನಡದಲ್ಲೇ ಮಾತಾಡಿಸಿದ್ದು.

‘ನಾ ಸುಡಾನಿನವ ಅಂದ್ರ ಕಾಯಿಪಲ್ಲೆ ಮಾರೋ ಮುದುಕಿ ನಂಬ್ಲೇ ಇಲ್ರೀ. “ಸುಮ್ನಿರೋ, ಹಳಿಯಾಳದಾಗ ನನ್ನ ತಂಗೀನ ಕೊಟ್ಟೀವಿ, ನಿಮ್ಮ ಮಂದೀನ ನಾ ನೋಡಿಲ್ಲೇನು” ಅಂತ ಬೈದು, ಒಂದು ಹಿಡಿ ಮೆಂತೆ ಪಲ್ಲೆ ಜಾಸ್ತಿ ಹಾಕಿ ಕಳಿಸಿದ್ಳು.’

ಇಲ್ಲಿ ಅಮೆರಿಕಾದಲ್ಲಿ ಕರಿಯರು ಅವರನ್ನು ಅರಬ ಎನ್ನುತ್ತಿದ್ದರು. ಮಸೀದಿಯಲ್ಲಿ ಬೇರೆ ದೇಶದ ಅರಬರು ಆಫ್ರಿಕದವ ಎನ್ನುತ್ತಿದ್ದರು. ‘ಎಲ್ಲಾರೂ ನನ್ನ ಬಾಜೂ ಮನಿಗೆ ದಬ್ಬತಾರ್ರೀ. ಒಳಗ ಕರದದ್ದು ಆ ಮುದುಕಿ ಒಬ್ಬಾಕೀನ’ ಎಂದರು. ನಗುತ್ತಲೇ ಹೇಳಿದರೂ ದನಿಯಲ್ಲಿ ದಣಿವಿತ್ತು.

ಬೆಳಗಿನ ಆ ಪ್ರಯಾಣದಲ್ಲೇ ನಾನು ಅವರ ದೇಶ ನೋಡಿದ್ದು. ಟರ್ನ್‌ಪೈಕ್ ಹೆದ್ದಾರಿಯ ಎಂಟು-ಎ ಎಕ್ಸಿಟ್ ಬಳಿ ಗೋದಾಮುಗಳಿಗೆ ಹೋಗುವ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡರೆ ಅರ್ಧ ದೇಶ ನೋಡಿ ಮುಗಿಸಬಹುದಿತ್ತು. ಆಗ ಅದು ಇಡೀ ಆಫ್ರಿಕದಲ್ಲೇ ದೊಡ್ಡ ದೇಶ, ಇನ್ನೂ ಎರಡಾಗಿರಲಿಲ್ಲ. ಒಮ್ಮೆ ಕಾರಿನ ಗಾಜಿಗೆ ಒಳಗಿನಿಂದ ಮಂಜು ಕವಿದಿತ್ತು. ಅವರು ಅದರ ಮೇಲೆ ಬೆರಳಿನಿಂದ ಗೆರೆ ಎಳೆದರು. ಬಲಗಡೆಯಿಂದ ಇಥಿಯೋಪಿಯದ ಗುಡ್ಡ ಇಳಿದು ಬರುವುದು ನೀಲಿ ನೈಲ್. ದಕ್ಷಿಣದ ಜವುಗು ನೆಲ ದಾಟಿ ಬರುವುದು ಬಿಳಿ ನೈಲ್. ಖಾರ್ಟೂಮಿನಲ್ಲಿ ಎರಡೂ ಸೇರಿದರೂ ಸ್ವಲ್ಪ ದೂರ ಬೇರೆ ಬೇರೆ ಬಣ್ಣದಲ್ಲಿ ಒಂದರ ಪಕ್ಕ ಒಂದು ಹರಿಯುತ್ತವೆ. ಎರಡರ ನಡುವಿನ ನೆಲಕ್ಕೆ ಗೆಜಿರಾ ಎಂದು ಹೆಸರು, ನಡುಗಡ್ಡೆ ಎಂದೇ ಅರ್ಥ. ಅವರ ಊರು ಅಲ್ಲಿ. ಎರೆಮಣ್ಣು, ಹತ್ತಿ, ಜೋಳ.

‘ಎರಿ ಭೂಮಿ ಏನ್ರೀ? ಜೋಳ? ಬಿಳಿಜೋಳ?’ ಎಂದು ನಾನು ಸೀಟಿನಲ್ಲೇ ತಿರುಗಿ ಕೂತೆ.

‘ಹೂಂನ್ರೀ. ಬ್ಯಾಸಗ್ಯಾಗ ಕಾಲು ಹೋಗೋವಷ್ಟು ಬಿರಕು ಬಿಡ್ತದ. ಮಳಿ ಬಂತಂದ್ರ ಚಪ್ಪಲಿ ಬಿಟ್ಟು ಕೊಡಂಗಿಲ್ಲ.’

ನಾನು ಕೃಷ್ಣೆ ತುಂಗಭದ್ರೆಯರ ನಡುವೆ ಹುಟ್ಟಿದವಳು. ಎಡೆದೊರೆ ನಾಡು ಎಂದು ನಮ್ಮ ಸೀಮೆಗೆ ಹಳೆಯ ಹೆಸರಿದೆ, ಎರಡು ತೊರೆಗಳ ನಡುವಿನ ನಾಡು ಎಂದು. ಅವರ ಗೆರೆಗಳ ಪಕ್ಕದಲ್ಲಿ ನನ್ನ ಎರಡು ಗೆರೆ ಎಳೆದೆ. ಅವರು ಕತ್ತು ವಾರೆ ಮಾಡಿ ನೋಡಿ, ‘ನಮ್ದನ್ನ ಅಡ್ಡ ಮಲಗಿಸಿದ್ರ ನಿಮ್ದು’ ಎಂದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಬೈದ ಮೇಲೆ ಕಾರು ಮುಂದೆ ಹೋಯಿತು.

ಅಲ್ಲಿಂದ ಮುಂದೆ ದಿನಕ್ಕೊಂದು ಜಗಳ. ಅವರ ಕಡೆ ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಸವರಿ ಕಿಸ್ರಾ ಎಂಬ ಹಾಳೆಯಂಥ ರೊಟ್ಟಿ ಮಾಡುತ್ತಾರೆ. ‘ಹುಳಿ ಬರಿಸಿದ್ರ ಅದು ರೊಟ್ಟಿ ಅಲ್ಲ, ದ್ವಾಸಿ’ ಎಂದು ನಾನು. ‘ಬಡದು ಬಡದು ಮಾಡೋದು ರೊಟ್ಟಿ ಅಲ್ಲ, ಶಿಕ್ಷಾ’ ಎಂದು ಅವರು. ಬೆಂಡೆಕಾಯಿ ಒಣಗಿಸಿ ಪುಡಿ ಮಾಡಿ ಸಾರಿಗೆ ಹಾಕುವ ಜನ ಅವರು. ಅಂಗಳದಲ್ಲಿ ಹಗ್ಗದ ಹೊರಸು ಹಾಕಿ ಮಲಗುವುದೂ ಅಲ್ಲಿದೆ. ದಾರಿಹೋಕರಿಗೆಂದು ಮರದ ನೆರಳಲ್ಲಿ ನೀರಿನ ಮಡಕೆ ಇಡುವುದನ್ನು ಕೇಳಿ, ‘ಅದು ಅರವಟ್ಟಿಗಿ, ನಮ್ಮದು’ ಎಂದು ಅದಕ್ಕೂ ಜಗಳ ತೆಗೆದೆ. ಅವರ ದೇಶದ ಉತ್ತರದ ಮರಳುಗಾಡಿನಲ್ಲಿ ಖರ್ಜೂರದ ತೋಟ ಮಾಡಿಕೊಂಡ ನೂಬಿಯನ್ನರಿದ್ದರು. ಪೂರ್ವದ ಸಮುದ್ರದಂಚಿನ ಗುಡ್ಡಗಳಲ್ಲಿ ಜೊಂಪೆ ಕೂದಲಿನ, ಶುಂಠಿ ಹಾಕಿದ ಕಾಫಿಗೆ ಪ್ರಾಣ ಬಿಡುವ ಜನ. ಪಶ್ಚಿಮದಲ್ಲಿ ದನಗಳ ಹಿಂದೆ ಹುಲ್ಲು ಹುಡುಕಿ ಅಲೆಯುವವರು. ದಕ್ಷಿಣದಲ್ಲಿ ಇವರಿಗಿಂತ ಒಂದು ಮೊಳ ಎತ್ತರದವರು. ‘ಒಬ್ಬರ ಮಾತು ಒಬ್ಬರಿಗೆ ತಿಳಿಯಂಗಿಲ್ಲ. ಚಾದ ಮುಂದ ಕೂತ್ರ ಎಲ್ಲಾ ತಿಳೀತದ. ಎದ್ದ ಮ್ಯಾಲೆ ಮತ್ತ ಬಡದಾಟ’ ಎನ್ನುತ್ತಿದ್ದರು.

ಅವರ ತಾಯಿ ಕೊರ್ಡೊಫಾನ್ ಎಂಬ ಒಣ ಸೀಮೆಯಿಂದ ಮದುವೆಯಾಗಿ ಬಂದವರು. ಅಲ್ಲಿ ಬಾವಿಗಿಂತ ದೊಡ್ಡ ಹೊಟ್ಟೆಯ ಬಾವೋಬಾಬ್ ಮರಗಳಿವೆಯಂತೆ. ಟೊಳ್ಳು ಕೊರೆದು ಅದರೊಳಗೆ ಮಳೆನೀರು ತುಂಬಿಟ್ಟು ಬೇಸಿಗೆ ಕಳೆಯುತ್ತಾರೆ. ನಮ್ಮ ಸವಣೂರಿನ ಒಂದು ಮಠದ ಅಂಗಳದಲ್ಲಿ ಅದೇ ಜಾತಿಯ ಮೂರು ಮುದಿ ಮರಗಳಿವೆ, ದೊಡ್ಡ ಹುಣಸೆ ಎಂದು ಕರೆಯುತ್ತಾರೆ. ಓದುವ ಕಾಲದಲ್ಲಿ ಗೆಳೆಯರ ಜೊತೆ ಅಲ್ಲಿಗೆ ಹೋದ ಇವರು ಮರ ತಬ್ಬಿಕೊಂಡು ಅತ್ತಿದ್ದರಂತೆ. ‘ಮಠದ ಅಜ್ಜಾರು ಬಂದು, ಯಾಕಪಾ ಅಳ್ತೀ ಅಂದ್ರು. ಇದು ನಮ್ಮವ್ವನ ಊರಿನ ಗಿಡ ಅಜ್ಜಾರ ಅಂದೆ. ಹಂಗಾದ್ರ ಊಟ ಮಾಡಿ ಹೋಗು ಅಂದ್ರು.’

ಆ ಅವ್ವನ ಚಿಂತೆಯೇ ಅವರಿಗೆ. ಹೆಂಡತಿ ಮಕ್ಕಳು ಊರಲ್ಲಿ ತಾಯಿಯ ಜೊತೆಗಿದ್ದರು. ತಾಯಿಗೆ ಎದೆರೋಗ. ಮಗನನ್ನು ಒಮ್ಮೆ ನೋಡಬೇಕು ಎನ್ನುವುದೊಂದೇ ಆಕೆಯ ಮಾತು. ಇವರ ಗ್ರೀನ್ ಕಾರ್ಡಿನ ಕಾಗದಗಳು ಎಲ್ಲೋ ಒಂದು ಕಚೇರಿಯಲ್ಲಿ ಕೂತಿದ್ದವು. ಅವು ಕೈಗೆ ಬರುವ ಮುಂಚೆ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ, ಊರಿನ ಅಷ್ಟೂ ಬಾಯಿಗೆ ಇವರೊಬ್ಬರದೇ ದುಡಿಮೆ. ಹೋಗುವಂತಿಲ್ಲ, ಇರುವಂತಿಲ್ಲ. ಶುಕ್ರವಾರಕ್ಕೊಮ್ಮೆ, ಮುಂಗಡ ಕೊಟ್ಟು ಕೊಂಡ ನಿಮಿಷದ ಲೆಕ್ಕದ ಕಾಲಿಂಗ್ ಕಾರ್ಡಿನಲ್ಲಿ ಫೋನು. ಪ್ರತಿ ಸಲವೂ ಫೋನಿಡುವ ಮುಂಚೆ ತಾಯಿ ತಮ್ಮ ಭಾಷೆಯಲ್ಲಿ ‘ಹೋಗಿ ಬಾ’ ಎನ್ನುತ್ತಿದ್ದರು. ಅದು ಇವರೇ ಧಾರವಾಡದಿಂದ ಒಯ್ದ ಮಾತು. ಅಲ್ಲಿ ಇವರ ರೂಮಿನ ಮಾಲಕಿ ಒಂದು ದಿನವೂ ‘ಹೋಗ್ತೀನಿ’ ಎನ್ನಲು ಬಿಟ್ಟವಳಲ್ಲ. ಹೊಸ್ತಿಲಲ್ಲಿ ತಡೆದು ‘ಹೋಗಿ ಬರ್ತೀನಿ ಅನ್ನು’ ಎಂದು ಅನ್ನಿಸಿಯೇ ಕಳಿಸುತ್ತಿದ್ದಳು. ರಜೆಗೆ ಊರಿಗೆ ಹೋದಾಗ ಇದನ್ನು ತಾಯಿಗೆ ಹೇಳಿದ್ದರು. ತಾಯಿಗೆ ಬಹಳ ಹಿಡಿಸಿ, ಮಗ ಅಮೆರಿಕಾಕ್ಕೆ ಹೊರಟ ದಿನ ಬೇವಿನ ಮರದ ಕೆಳಗೆ ನಿಂತು ಅನ್ನಿಸಿಯೇ ಕಳಿಸಿದ್ದರು.

‘ಬರ್ತೀನಿ ಅಂತ ಮಾತು ಕೊಟ್ಟೀನ್ರೀ’ ಎನ್ನುತ್ತಿದ್ದರು, ಕೆಂಪು ದೀಪದಲ್ಲಿ ಕಾರು ನಿಂತಾಗಲೆಲ್ಲ.

ಮರುವರ್ಷದ ಎಲೆ ಉದುರುವ ಕಾಲ ಬಂತು. ದಿನಾ ಬೆಳಿಗ್ಗೆ ನಾನು ಕೇಳುವ ಮೊದಲ ಮಾತು, ‘ಅವ್ವ ಹೆಂಗದಾರ್ರೀ?’ ಅವರ ಉತ್ತರ ದಿನದಿನಕ್ಕೆ ಚಿಕ್ಕದಾಗುತ್ತ ಬಂತು. ಒಂದು ಶುಕ್ರವಾರ ಬೆಳಿಗ್ಗೆ ಕಾರಿನ ಹಾರ್ನ್ ಕೇಳಿಸಲಿಲ್ಲ, ಬಾಗಿಲು ಬಡಿದ ಸಪ್ಪಳ ಕೇಳಿಸಿತು. ತೆರೆದರೆ ಅವರು ಕೋಟಿಲ್ಲದೆ, ಬರೀ ಚಪ್ಪಲಿಯಲ್ಲಿ ನಿಂತಿದ್ದರು.

‘ಅವ್ವ ಹೋದ್ಳ್ರೀ. ಇವತ್ತು ನೀವು ಮತ್ಯಾರ ಜೋಡಿನಾದ್ರೂ ಹೋಗ್ರಿ. ನಿಮಗ ತ್ರಾಸ ಆತು.’

ತಾಯಿ ಸತ್ತ ಗಳಿಗೆಯಲ್ಲಿ ಈ ಮನುಷ್ಯನಿಗೆ ನನ್ನ ಸವಾರಿಯ ಚಿಂತೆ! ಅವರು ತಿರುಗಿ ಮೆಟ್ಟಿಲಿಳಿದು ಹೋದರು.

ಅವತ್ತು ನನ್ನನ್ನು ಆಫೀಸಿಗೆ ಕರೆದುಕೊಂಡು ಹೋದವರು ಮೇಲಿನ ಮನೆಯ ಮೈಸೂರಿನ ಆಂಟಿ. ನಮ್ಮ ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟ್, ದಿನಾ ನನಗಿಂತ ಎರಡು ತಾಸು ತಡವಾಗಿ ಹೊರಡುವವರು, ತಿಂಗಳಿಗೊಮ್ಮೆ ಫ್ಲಶಿಂಗ್‌ನ ಗಣೇಶನ ಗುಡಿಗೆ ಹೋಗಿ ಬಾರದಿದ್ದರೆ ಸಮಾಧಾನವಿಲ್ಲದವರು. ಸುದ್ದಿ ಕೇಳಿ ಲೊಚಗುಟ್ಟಿದರು.

‘ಅಯ್ಯೋ ಪಾಪ. ಫೋನ್ ಮಾಡಿ ಹೇಳೋಣ ಬಿಡು. ಅವರ ಶಾಸ್ತ್ರ ಏನೋ ಎತ್ತೋ, ನಮಗೇನ್ ಗೊತ್ತು? ಹೋಗಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಸ್ವಲ್ಪ ಸ್ಪೇಸ್ ಕೊಡ್ಬೇಕು ಕಣೇ ಇಂಥ ಟೈಮಲ್ಲಿ.’

ಆಫೀಸಿನಲ್ಲೂ ಅದೇ ಮಾತು. ಒಂದು ಸಂತಾಪದ ಕಾರ್ಡು ತಂದು ಎಲ್ಲರೂ ಸಹಿ ಹಾಕಿದರು. ಗಿವ್ ಹಿಮ್ ಸ್ಪೇಸ್ ಎಂದ ಮ್ಯಾನೇಜರ್. ರಾತ್ರಿ ಊಟಕ್ಕೆ ಕೂತ ಗಂಡನೂ ಅದನ್ನೇ ಅಂದಾಗ ನನಗೆ ರೇಗಿತು. ‘ಒಂಟಿ ಮನಿಯಾಗ ಒಬ್ಬ ಮನಶ್ಯಾ ಕುಂತಾನ. ಇನ್ನೆಷ್ಟು ಜಾಗ ಬೇಕಂತ ಆತಗ?’ ಅವನು ತಟ್ಟೆ ತೊಳೆದಿಟ್ಟು ಮಲಗಿದ. ಪಾಪ, ಅವನದೂ ನಿದ್ದೆ ಬಾಕಿ.

ಶನಿವಾರ ಬೆಳಿಗ್ಗೆ ಲಾಂಡ್ರಿ ಬುಟ್ಟಿ ಹೊತ್ತು ಕೆಳಗಿಳಿಯುವಾಗ ಜೊತೆಗಿದ್ದ ನನ್ನ ಐದು ವರ್ಷದ ಮಗಳು ಮೆಟ್ಟಿಲ ಬದಿಯ ಕಿಟಕಿಯ ಕಡೆ ಕೈ ತೋರಿಸಿದಳು. ‘ಅಮ್ಮಾ, ವೈ ಸೋ ಮೆನಿ ಚೇರ್ಸ್? ಇಸ್ ಇಟ್ ಎ ಪಾರ್ಟಿ?’

ಎದುರಿನ ಬ್ಲಾಕಿನ ಕೆಳ ಅಂತಸ್ತಿನ ಮನೆ ಆ ಸುಡಾನಿನವರದು. ಅದರ ಮುಂದಿನ ಹುಲ್ಲಿನ ಮೇಲೆ, ಉದುರಿದ ಎಲೆಗಳನ್ನೆಲ್ಲ ಗುಡಿಸಿ, ಸಾಲುಸಾಲಾಗಿ ಕುರ್ಚಿ ಹಾಕಿದ್ದರು. ಕ್ಲಬ್‌ಹೌಸಿನಲ್ಲಿ ಬರ್ತ್‌ಡೇಗಳಿಗೆ ಕೊಡುವ ಮಡಚುವ ಕುರ್ಚಿಗಳು. ಅವರು ಬಿಳಿ ನಿಲುವಂಗಿ ತೊಟ್ಟು, ತಲೆಗೆ ಬಿಳಿ ರುಮಾಲು ಸುತ್ತಿ, ಮೊದಲ ಸಾಲಿನ ತುದಿಯಲ್ಲಿ ಒಬ್ಬರೇ ಕೂತಿದ್ದರು. ಉಳಿದ ಕುರ್ಚಿಗಳೆಲ್ಲ ಖಾಲಿ.

ನನಗೆ ಒಮ್ಮೆಲೇ ನೆನಪಾಯಿತು. ಅವರೇ ಕಾರಿನಲ್ಲಿ ಹೇಳಿದ್ದರು. ಅವರ ಊರಲ್ಲಿ ಸಾವಾದರೆ ಮೂರು ದಿನ ಮನೆ ಮುಂದೆ ಡೇರೆ ಹೊಡೆದು ಕೂರುತ್ತಾರೆ. ಬಂದವರು ಎರಡೂ ಅಂಗೈ ಮೇಲೆತ್ತಿ ಪ್ರಾರ್ಥನೆ ಹೇಳುತ್ತಾರೆ, ಮನೆಯವರೂ ಎದ್ದು ಅಂಗೈ ಎತ್ತುತ್ತಾರೆ, ಆಮೇಲೆ ಸುಮ್ಮನೆ ಕೂರುವುದು. ಓಣಿಯ ಮನೆಮನೆಯಿಂದ ಊಟದ ತಟ್ಟೆ ಬರುತ್ತದೆ. ಸತ್ತವರ ಮನೆಯವರನ್ನು ಒಂದು ಗಳಿಗೆಯೂ ಒಬ್ಬರನ್ನೇ ಬಿಡುವುದಿಲ್ಲ. ‘ಆಳಿಗಿಂತ ಮೊದ್ಲು ಕುರ್ಚಿ ಬರ್ತಾವ್ರೀ ನಮ್ಮಲ್ಲಿ’ ಎಂದಿದ್ದರು. ನಾವೆಲ್ಲ ಅವರಿಗೆ ಸ್ಪೇಸ್ ಕೊಟ್ಟು ಕೂತಿದ್ದೆವು, ಅವರು ನಮಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಲಾಂಡ್ರಿ ಬುಟ್ಟಿ ಅಲ್ಲೇ ಇಟ್ಟೆ. ಓಕ್ ಟ್ರೀ ರೋಡಿನ ಗುಜರಾತಿ ಅಂಗಡಿಯಿಂದ ತಂದ ಜೋಳದ ಹಿಟ್ಟು ಇತ್ತು. ಇಲ್ಲಿನ ಹಿಟ್ಟು ಹಳತು, ಜಿಗಿ ಇರುವುದಿಲ್ಲ, ಬಡಿದರೆ ಒಡೆಯುತ್ತದೆ. ಒಡೆದರೆ ಒಡೆಯಲಿ ಎಂದು ಬಡಿದೆ. ಬೇಳೆ ಬೇಯಿಸಿ ಬರೀ ಉಪ್ಪು ಹಾಕಿದೆ. ಸಾವಿನ ಮನೆಗೆ ಒಗ್ಗರಣೆ ಕೊಟ್ಟದ್ದನ್ನು ಒಯ್ಯುವುದಿಲ್ಲ ನಮ್ಮಲ್ಲಿ. ರೊಟ್ಟಿಗಳನ್ನು ಅರಿವೆಯಲ್ಲಿ ಕಟ್ಟಿಕೊಂಡು ಹುಲ್ಲು ದಾಟಿ ಹೋಗುವಾಗ ಆಂಟಿ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು.

ಅವರ ಮುಂದೆ ನಿಂತು, ಗಂಟು ಕುರ್ಚಿಯ ಮೇಲಿಟ್ಟು, ಎರಡೂ ಅಂಗೈ ಮೇಲೆತ್ತಿದೆ. ಪ್ರಾರ್ಥನೆ ನನಗೆ ಬರುವುದಿಲ್ಲ. ‘ಯವ್ವಾ, ನಿನ್ನ ಮಗಾ ಒಳ್ಳೆಯಾವ’ ಎಂದು ಮನಸ್ಸಿನಲ್ಲೇ ಹೇಳಿದೆ. ಅವರೂ ಎದ್ದು ಅಂಗೈ ಎತ್ತಿದರು. ಆಮೇಲೆ ಇಬ್ಬರೂ ಕೂತೆವು. ಗಾಳಿಗೆ ಎಲೆ ಬೀಳುತ್ತಿತ್ತು. ಅವರು ರೊಟ್ಟಿಯ ತುಂಡೊಂದನ್ನು ಮುರಿದು ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

‘ನಮ್ಮ ಮಂದಿ ಬ್ರೂಕ್ಲಿನ್‌ದಾಗ ಇದ್ದಾರ. ಎಲ್ಲಾರ್ದೂ ಟ್ಯಾಕ್ಸಿ ಡ್ಯೂಟಿ. ನಾಳೆ ಬರ್ತಾರ’ ಎಂದರು, ಖಾಲಿ ಕುರ್ಚಿಗಳ ಪರವಾಗಿ ಕ್ಷಮೆ ಕೇಳುವಂತೆ.

ಸಂಜೆಯಾಯಿತು. ಮಗಳು ಹಸಿದಿದ್ದಳು, ನಾನು ಏಳಬೇಕಿತ್ತು. ಸಾವಿನ ಮನೆಯಿಂದ ಏಳುವಾಗ ನಮ್ಮಲ್ಲಿ ಹೇಳಿ ಹೋಗುವ ಪದ್ಧತಿಯಿಲ್ಲ. ‘ಹೋಗಿ ಬರ್ತೀನಿ’ ಎಂದರೆ ಆ ಮನೆಗೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದಂತೆ ಎಂದು ನಮ್ಮಜ್ಜಿ ಬಾಯಿಯ ಮೇಲೆ ಬಡಿದು ಕಲಿಸಿದ್ದಳು. ಸುಮ್ಮನೆ ಎದ್ದು, ತಲೆ ತಗ್ಗಿಸಿ, ಹಿಂತಿರುಗಿ ನೋಡದೆ ಹೊರಟೆ.

‘ಹೇಳಿ ಹೋಗ್ರಿ’ ಎಂದರು ಹಿಂದಿನಿಂದ.

ನಿಂತೆ.

‘ಹೇಳಬಾರ್ದು ಅಂತ ನನಗೂ ಗೊತ್ತದರೀ. ಧಾರವಾಡದಾಗ ಮಾಲಕಿ ಗಂಡ ಸತ್ತಾಗ ನೋಡೀನಿ. ಆದ್ರ ಕಡೀ ಸಲ ಫೋನ್ ಮಾಡಿದಾಗ ಕಾರ್ಡ್ ಮುಗದು ಲೈನ್ ಕಟ್ ಆತ್ರೀ. ಅವ್ವ ಹೋಗಿ ಬಾ ಅನ್ಲಿಲ್ಲ. ನಾನೂ ಬರ್ತೀನಿ ಅನ್ಲಿಲ್ಲ. ನಿನ್ನಿಯಿಂದ ಯಾರೂ ನನಗ ಬರ್ತೀನಿ ಅಂದಿಲ್ಲ.’

ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ದೂರದಲ್ಲಿದ್ದ ಅವರ ಹೆಂಡತಿ ಮಕ್ಕಳ ನೆನಪಾಯಿತು, ಆ ಮಾತು ನನ್ನ ಬಾಯಲ್ಲಿ ಬಂದರೆ ಅವರಿಗೇನಾದರೂ ಆದೀತೇ ಎಂದು. ಅಜ್ಜಿಯ ಕೈ ಬಾಯಿಯ ಮೇಲೆ ಇದ್ದೇ ಇತ್ತು. ಆದರೂ ಹೇಳಿದೆ.

‘ಹೋಗಿ ಬರ್ತೀನ್ರೀ. ನಾಳೆ ಬರ್ತೀನಿ.’

‘ಬರ್ರಿ’ ಎಂದರು. ‘ಕುರ್ಚಿ ಇಲ್ಲೇ ಇರ್ತಾವ.’

ಮನೆಗೆ ಬಂದು ಗಂಡನನ್ನು ಎಬ್ಬಿಸಿದೆ, ಮೇಲೆ ಹೋಗಿ ಆಂಟಿಯ ಬಾಗಿಲು ಬಡಿದೆ, ಕಾಂಪ್ಲೆಕ್ಸಿನಲ್ಲಿದ್ದ ಕನ್ನಡದವರಿಗೆಲ್ಲ ಫೋನ್ ಮಾಡಿದೆ. ‘ಸ್ಪೇಸ್ ಸಾಕು, ಬಂದು ಕೂಡ್ರಿ’ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ. ಭಾನುವಾರ ಎಲ್ಲರೂ ಬಂದರು. ಏನು ಮಾಡಬೇಕೆಂದು ತಿಳಿಯದೆ ಕೈ ಜೋಡಿಸಿದವರುಂಟು, ಅಂಗೈ ಎತ್ತಿದವರುಂಟು. ಆಂಟಿ ಡಬ್ಬಿಯಲ್ಲಿ ಮೊಸರನ್ನ ತಂದಿದ್ದರು, ಒಗ್ಗರಣೆ ಇಲ್ಲದ್ದು. ಬ್ರೂಕ್ಲಿನ್‌ನಿಂದ ಅವರ ಜನ ಟ್ಯಾಕ್ಸಿಗಳಲ್ಲೇ ಬಂದಿಳಿದರು. ಒಬ್ಬೊಬ್ಬರೂ ಅವರ ಭುಜದ ಮೇಲೆ ಕೈಯಿಟ್ಟು ಅಪ್ಪಿಕೊಂಡು ಅತ್ತರು. ಅವರು ಮಾತ್ರ ಅಳಲಿಲ್ಲ. ಎದ್ದು ಅಂಗೈ ಎತ್ತುವುದು, ಕೂರುವುದು, ಮತ್ತೆ ಏಳುವುದು. ಕುರ್ಚಿ ಸಾಲದೆ ನನ್ನ ಗಂಡ ಕ್ಲಬ್‌ಹೌಸಿಗೆ ಎರಡು ಸಲ ಓಡಿದ.

ಬಿಸಿಲು ಇಳಿದಾಗ ನಮ್ಮವರು ಒಬ್ಬೊಬ್ಬರೇ ಏಳತೊಡಗಿದರು. ಎಲ್ಲರೂ ಪದ್ಧತಿ ಬಲ್ಲವರೇ. ಮಾತಿಲ್ಲದೆ, ಕಣ್ಣು ಕೂಡಿಸದೆ, ಕಳ್ಳರ ಹಾಗೆ ಸರಿದು ಹೋಗುತ್ತಿದ್ದರು. ನಾನು ಹೋಗಿ ದಾರಿಗೆ ಅಡ್ಡ ನಿಂತೆ. ‘ಹೇಳಿ ಹೋಗ್ರಿ’ ಎಂದೆ. ಕಾರ್ಡು ಮುಗಿದು ಲೈನ್ ಕಟ್ಟಾದದ್ದನ್ನು ಹೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಗಂಡನೂ ಬೂಟಿನ ಲೇಸು ಕಟ್ಟುತ್ತ ಬಗ್ಗಿಬಿಟ್ಟ.

ಕೊನೆಗೆ ಮುಂದೆ ಬಂದವರು ಆಂಟಿ. ಸಾವಿನ ಮನೆಗೆ ಹೋಗಿ ಬಂದರೆ ಸೀರೆ ಸಮೇತ ತಲೆಗೆ ನೀರು ಹಾಕಿಕೊಳ್ಳುವ ಹೆಂಗಸು. ಸೆರಗು ಬಿಗಿ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಗಣೇಶನನ್ನು ನೆನೆದರು. ಆಮೇಲೆ ಅವರ ಹತ್ತಿರ ಹೋಗಿ, ಎತ್ತರದ ಆ ಮನುಷ್ಯನ ಕೈ ಹಿಡಿದುಕೊಂಡು, ‘ಹೋಗ್ಬಿಟ್ಟು ಬರ್ತೀವಪ್ಪಾ’ ಎಂದರು.

ಅವರು ರುಮಾಲಿನ ತುದಿಯನ್ನು ಮುಖಕ್ಕೆ ಒತ್ತಿಕೊಂಡು, ‘ಹೂಂ, ಅವ್ವಾ’ ಎಂದರು. ಅಷ್ಟು ಹೊತ್ತು ಅಳದವರು ಈಗ ಜೋರಾಗಿ ಅತ್ತರು. ನಾವು ಹೋಗಲಿಲ್ಲ. ಮತ್ತೆ ಕುರ್ಚಿ ಎಳೆದುಕೊಂಡು ಕೂತೆವು.